ಸ್ವಿಚ್ ಹಾಕಿದರೆ ಹಾಡುವ ಪೆಟ್ಟಿಗೆ

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿಗೆ ಆ ಪೆಟ್ಟಿಗೆ ಬಂದದ್ದು ಒಂದು ದೋಸೆ ಕಾವಲಿ ಮತ್ತು ಎರಡು ಕಿಟಕಿ ಪರದೆಗಳ ಜೊತೆಗೆ. ಮೇಲಿನ ಮಹಡಿಯ ಸಂಸಾರ ಊರಿಗೆ ಕಾಯಂ ಆಗಿ ಹೊರಟಿತ್ತು. ಹಾಗೆ ಹೊರಡುವವರು ಮನೆಯ ಸಾಮಾನಿನ ಫೋಟೋಗಳನ್ನು ಕಟ್ಟಡದವರ ಫೋನ್ ಗುಂಪಿಗೆ ಹಾಕುತ್ತಾರೆ. ಬೇಕಾದವರು ಹೋಗಿ ಲಿಫ್ಟಿನಲ್ಲಿ ಇಳಿಸಿಕೊಂಡು ಬರುತ್ತಾರೆ. ಅಮ್ಮನಿಗೆ ಬೇಕಾಗಿದ್ದದ್ದು ಕಾವಲಿ. ಪೆಟ್ಟಿಗೆ ಬೇಕಾಗಿದ್ದದ್ದು ನನಗೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ವೈಫೈಗೆ ಸೇರಿಸಿಟ್ಟರೆ ಎಲ್ಲರ ಫೋಟೋ, ಹಾಡು, ಕಾಗದಪತ್ರ ಒಂದೇ ಕಡೆ ಕೂರುತ್ತವೆ. ಪರದೆಗಳು ನಮ್ಮ ಕಿಟಕಿಗೆ ಗಿಡ್ಡವಾದವು.

ನಾನು ಒಂದು ಕಟ್ಟಡ ನಿರ್ಮಾಣದ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆಗಳಿಗೆ ನಂಬರು ಕೊಡುವುದು, ಯಾವುದು ಹಳೆಯದು, ಯಾವುದು ಹೊಸದು ಎಂದು ದಿನಾಂಕ ಹಾಕಿ ಇಡುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಅದೇ ಚಾಳಿ. ಡೈರಿಯ ಎಡ ಪುಟದಲ್ಲಿ ನಡೆದದ್ದನ್ನು ಬರೆಯುತ್ತೇನೆ, ಬಲ ಪುಟದಲ್ಲಿ ಗೀಟು ಹಾಕಿ ಲೆಕ್ಕ ಇಡುತ್ತೇನೆ: ವಾರಕ್ಕೆ ಎಷ್ಟು ದಿನ ನಡೆದಾಡಿದೆ, ಎಷ್ಟು ಸಲ ಹೊರಗೆ ಊಟ ಮಾಡಿದೆವು, ಅಪ್ಪ ಎಷ್ಟು ಸಲ ಕಾರಿನ ಕೀಲಿ ಹುಡುಕಿದರು. ಈ ಬರಹಕ್ಕೆ ಆಧಾರ ಆ ಪುಟಗಳೇ. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಮಸ್ಕತ್ತಿನಲ್ಲಿ ನಮ್ಮ ಊರ ಕಡೆಯವರ ಒಂದು ಸಣ್ಣ ತಾಳಮದ್ದಳೆ ಕೂಟವಿದೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರು ಕೂತವರು ಆ ಪದ್ಯ ಹಿಡಿದು ತಮ್ಮ ಪಾತ್ರದ ಅರ್ಥ ಹೇಳುತ್ತಾರೆ. ಅಪ್ಪನಿಗೆ ಯಾವಾಗಲೂ ಮಂತ್ರಿಯ ಪಾತ್ರ. ಅಮ್ಮ ಭಾಗವತರ ಪಕ್ಕ ಕೂತು ತಾಳ ಹಾಕುತ್ತಾ ಕೊನೆಯ ಒಂದೆರಡು ಪದ್ಯಗಳಿಗೆ ದನಿ ಸೇರಿಸುತ್ತಿದ್ದರು. ಮದುವೆಗೆ ಮೊದಲು ಎರಡು ವರ್ಷ ಕಲಿತಿದ್ದರಂತೆ. ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಹಾಡಿದ್ದು ಮಾತ್ರ ಎಂದೂ ಇಲ್ಲ.

ಫೆಬ್ರವರಿಯ ಕೊನೆಯ ಶುಕ್ರವಾರ ಅಜೈಬಾದ ಒಂದು ವಿಲ್ಲಾದಲ್ಲಿ ಕೂಟ ಎಂದು ನಿಶ್ಚಯವಾಗಿತ್ತು. ಆಗಲೇ ಭಾಗವತರ ಫೋನು ಬಂತು. ಅವರು ಇರುವುದು ದೂರದ ಸೂರ್ ಪಟ್ಟಣದಲ್ಲಿ, ಗ್ಯಾಸ್ ಸ್ಥಾವರದಲ್ಲಿ ಪಾಳಿಯ ಕೆಲಸ. ವರ್ಷದ ದೊಡ್ಡ ರಿಪೇರಿಗೆ ಸ್ಥಾವರ ನಿಲ್ಲಿಸುವುದು ಅದೇ ವಾರಕ್ಕೆ ಬಿದ್ದು, ಎಲ್ಲರ ರಜೆ ರದ್ದಾಗಿತ್ತು.

"ಅಕ್ಕ, ನೀವೇ ಹಾಡಿ," ಎಂದರು. "ಹದಿನೆಂಟೇ ಪದ್ಯ. ನಾನು ಒಂದೊಂದಾಗಿ ಹಾಡಿ ಕಳಿಸ್ತೇನೆ."

ಅಮ್ಮ ಹೂಂ ಎನ್ನುವ ಮೊದಲೇ ಮದ್ದಳೆಯವರು, ಕೂಟದ ಏರ್ಪಾಡನ್ನೂ ಅವರೇ ನೋಡುವುದು, ಅಪ್ಪನಿಗೆ ಫೋನು ಮಾಡಿದರು. ಅಪ್ಪ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವರು.

"ಅಕ್ಕನಿಗೆ ಕಷ್ಟ ಆದ್ರೆ ಬೇಡ ಮಾರಾಯ್ರೇ. ಹೋದ ವರ್ಷದ ರೆಕಾರ್ಡ್ ಉಂಟಲ್ಲ, ಅದನ್ನೇ ಹಾಕಿ ಅರ್ಥ ಹೇಳುವ. ಜನಕ್ಕೆ ಎಂತ ಗೊತ್ತಾಗ್ತದೆ?"

ಅಮ್ಮ ಬೆಂಡೆಕಾಯಿ ಹೆಚ್ಚುತ್ತಿದ್ದರು. ಆ ದಿನದ ಪಲ್ಯದಲ್ಲಿ ಬೆಂಡೆಕಾಯಿ ಬಹಳ ಸಣ್ಣಗಿತ್ತು.

ಅಮ್ಮನಿಗೆ ಅಭ್ಯಾಸಕ್ಕೆ ಸಿಗುವುದು ಬೆಳಗಿನ ಹೊತ್ತು, ಅಡುಗೆಮನೆಯಲ್ಲಿ, ಅಪ್ಪನ ಮತ್ತು ನನ್ನ ಬುತ್ತಿ ಆಗುವಾಗ. ಫೋನಿನಲ್ಲಿ ಹಾಡು ಹಾಕಿಕೊಂಡರೆ ನಡೆಯುವುದಿಲ್ಲ. ಊರಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ನಮಗೆ ಬೆಳಗಾಗುವಾಗ ಅಲ್ಲಿಯವರು ಕಾಫಿ ಕುಡಿದು ಮುಗಿಸಿ ಯಾರಿಗೆ ಫೋನು ಮಾಡಲಿ ಎಂದು ಕೂತಿರುತ್ತಾರೆ. ಪದ್ಯ ಏರುವ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮನ ಕರೆ. ಮೇಲಾಗಿ ಕೈಯಲ್ಲಿ ಹಿಟ್ಟು.

"ಪೆಟ್ಟಿಗೆಗೆ ಒಂದು ಸ್ಪೀಕರ್ ಸಿಕ್ಕಿಸಿದರೆ ಅದೇ ಹಾಡ್ತದೆ ಅಮ್ಮ. ನೀವು ಫೋನಿನಲ್ಲಿ ಹೀಗೆ ತೆರೆದು..."

"ನಂಗೆ ಎಂತದೂ ಒತ್ತಲಿಕ್ಕೆ ಹೇಳ್ಬೇಡ," ಎಂದರು ಅಮ್ಮ. "ಸ್ವಿಚ್ ಹಾಕಿದ್ರೆ ಹಾಡ್ಬೇಕು. ಫ್ಯಾನು ಹೇಗೆ ತಿರುಗ್ತದೆ, ಹಾಗೆ."

ಇದು ನನಗೆ ಬಹಳ ಸುಲಭದ ಮಾತಾಗಿ ಕಂಡಿತು. ಭಾಗವತರು ಕಳಿಸಿದ ಪದ್ಯಗಳಿಗೆ ಒಂದರಿಂದ ಹದಿನೆಂಟರವರೆಗೆ ನಂಬರು ಕೊಟ್ಟು ಪೆಟ್ಟಿಗೆಯ ಡಿಸ್ಕಿಗೆ ಹಾಕಿದೆ. ಅವನ್ನು ಒಂದಾದ ಮೇಲೆ ಒಂದರಂತೆ, ಪ್ರತಿಯೊಂದನ್ನೂ ಎರಡೆರಡು ಸಲ, ನಡುವೆ ಅಮ್ಮ ಹೇಳಿಕೊಳ್ಳಲು ಜಾಗ ಬಿಟ್ಟು ನುಡಿಸುವಂತೆ ಕೆಲವು ಸಾಲುಗಳ ಸ್ಕ್ರಿಪ್ಟ್ ಬರೆದೆ. ಪೆಟ್ಟಿಗೆ ಆನ್ ಆದಾಗ ಇದನ್ನು ನಡೆಸು ಎಂದು ಅದರ ಸಿಸ್ಟಮ್ಮಿನ ಒಳಗಡೆ ಒಂದು ಸಾಲು ಸೇರಿಸಿದೆ. ಸಂಜೆ ಹಾಡಿಸಿ ತೋರಿಸಿದೆ. ಅಮ್ಮ ಸೌಟು ಹಿಡಿದೇ ತಾಳ ಹಾಕಿದರು.

ಮರುದಿನ ಬೆಳಿಗ್ಗೆ ಅಮ್ಮ ಸ್ವಿಚ್ ಹಾಕಿದರು. ಪೆಟ್ಟಿಗೆ ಹಸಿರು ದೀಪ ಹೊತ್ತಿಸಿಕೊಂಡು ಸುಮ್ಮನೆ ಕೂತಿತು.

ನಾನು ಬರೆದಿದ್ದ ಸಾಲು ಅಲ್ಲಿ ಇರಲೇ ಇಲ್ಲ. ಮತ್ತೆ ಸೇರಿಸಿದೆ, ಮಾರನೆಯ ಬೆಳಿಗ್ಗೆ ಮತ್ತೆ ಮಾಯ. ಓದಿ ನೋಡಿದ ಮೇಲೆ ತಿಳಿಯಿತು: ಈ ಜಾತಿಯ ಪೆಟ್ಟಿಗೆಗಳು ಪ್ರತಿ ಸಲ ಏಳುವಾಗಲೂ ತಮ್ಮ ಸಿಸ್ಟಮ್ಮನ್ನು ಒಳಗಿನ ಒಂದು ಸಣ್ಣ ಮೆಮೊರಿ ಚಿಪ್ಪಿನಿಂದ ಹೊಸದಾಗಿ ಹರಡಿಕೊಳ್ಳುತ್ತವೆ. ಡಿಸ್ಕಿನಲ್ಲಿಟ್ಟದ್ದು ಉಳಿಯುತ್ತದೆ, ಸಿಸ್ಟಮ್ಮಿನಲ್ಲಿ ನಾವು ಗೀಚಿದ್ದು ಅಳಿಸಿಹೋಗುತ್ತದೆ. ಹೋಟೆಲಿನವರು ದಿನಾ ಹೊಸ ಹಾಸಿಗೆ ಬಟ್ಟೆ ಹಾಕಿದ ಹಾಗೆ.

ದಿನಾ ಏಳುವುದೇತಕ್ಕೆ? ಏಕೆಂದರೆ ದಿನಾ ರಾತ್ರಿ ಅಪ್ಪ ಅದನ್ನು ಮಲಗಿಸುತ್ತಿದ್ದರು. ಅಪ್ಪ ಮಲಗುವ ಮೊದಲು, ಮನೆಯಿಂದ ಹೊರಡುವ ಮೊದಲು, ಫ್ರಿಜ್ಜಿನದ್ದೊಂದನ್ನು ಬಿಟ್ಟು ಎಲ್ಲ ಪ್ಲಗ್ಗುಗಳ ಸ್ವಿಚ್ ಆರಿಸುತ್ತಾರೆ. ಊರಿನಲ್ಲಿ ಅವರ ಚಿಕ್ಕಂದಿನಲ್ಲಿ ಸಿಡಿಲಿಗೆ ಒಂದು ಟಿವಿ ಸುಟ್ಟಿತ್ತು. ಇಲ್ಲಿಯ ಆಕಾಶದಲ್ಲಿ ವರ್ಷದ ಮುಕ್ಕಾಲು ಭಾಗ ಒಂದು ಮೋಡದ ಚೂರೂ ಇರುವುದಿಲ್ಲ. ಇಷ್ಟು ವರ್ಷ ಇಲ್ಲಿದ್ದರೂ ಅಪ್ಪನ ಬೆರಳಿಗೆ ಅದು ತಿಳಿದಿಲ್ಲ.

"ಪೆಟ್ಟಿಗೆಯ ಸ್ವಿಚ್ ಒಂದು ಬಿಡಿ ಅಪ್ಪ. ಇಂಥವನ್ನು ಆರಿಸುವುದೇ ಇಲ್ಲ ಯಾರೂ."

"ರಾತ್ರಿ ಯಾರು ಕೇಳ್ಲಿಕ್ಕುಂಟು ಅದರ ಹಾಡು? ನಿದ್ರೆ ಅದಕ್ಕೂ ಬೇಡ್ವಾ?"

ಅಪ್ಪನನ್ನು ಬದಲಾಯಿಸುವುದಕ್ಕಿಂತ ಪೆಟ್ಟಿಗೆಯನ್ನು ಬದಲಾಯಿಸುವುದೇ ಮೇಲು ಎಂದುಕೊಂಡೆ. ಆ ಚಿಪ್ಪಿನಲ್ಲೇ ಸೆಟ್ಟಿಂಗುಗಳಿಗೆಂದು ಒಂದು ಸಣ್ಣ ಮೂಲೆ ಇದೆ. ಅಲ್ಲಿಟ್ಟ ಸ್ಕ್ರಿಪ್ಟು ಮಾತ್ರ ಅಳಿಯದೆ ಉಳಿದು, ಏಳುವಾಗ ತಾನೇ ನಡೆಯುತ್ತದೆ. ಅದಕ್ಕೆ ಅನುಮತಿ ಕೊಡುವ ಗುರುತು ಸೆಟ್ಟಿಂಗಿನ ಏಳನೇ ಪಾತಾಳದಲ್ಲಿತ್ತು. ಹುಡುಕಿ ಹಾಕಿದೆ. ಕಂಪ್ಯೂಟರಿನಿಂದ ಪೆಟ್ಟಿಗೆಯನ್ನು ರೀಸ್ಟಾರ್ಟ್ ಮಾಡಿದೆ. ಹಾಡಿತು. ಮತ್ತೆ ಮಾಡಿದೆ. ಮತ್ತೆ ಹಾಡಿತು. ಡೈರಿಯ ಬಲ ಪುಟದಲ್ಲಿ "ಎದ್ದದ್ದು", "ಹಾಡಿದ್ದು" ಎಂದು ಎರಡು ಸಾಲು ಗೀಟು, ಎರಡೂ ಸಮ. ಸಂತೋಷಕ್ಕೆ ಐಸ್‌ಕ್ರೀಮ್ ತಂದೆ.

ಬೆಳಿಗ್ಗೆ ಅಮ್ಮ ಸ್ವಿಚ್ ಹಾಕಿದರು. ಹಸಿರು ದೀಪ. ಮೌನ.

"ಐಸ್‌ಕ್ರೀಮ್ ಪೆಟ್ಟಿಗೆಗೂ ಕೊಡ್ಬೇಕಿತ್ತೋ ಏನೋ," ಎಂದರು ಅಪ್ಪ, ಶೂ ಹಾಕಿಕೊಳ್ಳುತ್ತಾ.

ನಾನು ಪರೀಕ್ಷೆ ಮಾಡಿದ್ದು ಹೇಳಿ ಕೇಳಿ ನಿಲ್ಲಿಸಿ, ಹೇಳಿ ಕೇಳಿ ಎಬ್ಬಿಸಿ. ಅಪ್ಪ ಆರಿಸುವುದು ಫಟ್ಟೆಂದು. ಹಾಗೆ ಕರೆಂಟು ಹೋದರೆ ಪೆಟ್ಟಿಗೆ ಏಳುವಾಗ ಗಾಬರಿಯಿಂದ ತನ್ನ ಡಿಸ್ಕುಗಳನ್ನೆಲ್ಲ ತಡವಿ ನೋಡಿಕೊಳ್ಳುತ್ತದೆ. ನನ್ನ ಸ್ಕ್ರಿಪ್ಟು ಅದಕ್ಕೂ ಮೊದಲೇ ಎದ್ದು, ಪದ್ಯಗಳ ಫೋಲ್ಡರ್ ಎಲ್ಲಿ ಎಂದು ನೋಡಿ, ಕಾಣದೆ, ಮತ್ತೆ ಮಲಗಿಬಿಡುತ್ತಿತ್ತು. ಅದಕ್ಕೆ ತಾಳ್ಮೆ ಕಲಿಸಿದೆ: ಫೋಲ್ಡರ್ ಕಾಣದಿದ್ದರೆ ಸ್ವಲ್ಪ ತಡೆ, ಮತ್ತೆ ನೋಡು, ಕಂಡ ಮೇಲೆ ಹಾಡು.

ಅಪ್ಪನಿಗೂ ಒಂದು ಪಾಠ ಆಯಿತು. ಹೀಗೇ ಆರಿಸುತ್ತಿದ್ದರೆ ಒಂದು ದಿನ ಡಿಸ್ಕು ಕೆಟ್ಟು, ಅದರಲ್ಲಿರುವ ನಿಮ್ಮ ಅರ್ಥಗಾರಿಕೆಯ ವಿಡಿಯೋಗಳೆಲ್ಲ ಹೋಗುತ್ತವೆ ಎಂದೆ. ತಕ್ಷಣ ಒಪ್ಪಿದರು. ಅಂದಿನಿಂದ ರಾತ್ರಿ ಪೆಟ್ಟಿಗೆಯ ಗುಂಡಿ ಒತ್ತಿ, ಸೊಂಟಕ್ಕೆ ಕೈ ಕೊಟ್ಟು, ಅದರ ಹಸಿರು ದೀಪ ಆರುವವರೆಗೆ ಕಾದು, ಆಮೇಲೆ ಸ್ವಿಚ್ ಆರಿಸುತ್ತಾರೆ. ಹೊರಗೆ ಹೊರಡುವಾಗಲೂ ಅಷ್ಟೇ, ಅಮ್ಮ ಲಿಫ್ಟು ಹಿಡಿದು ನಿಂತು "ಯಲ್ಲಾ, ಬೇಗ ಬನ್ನಿ, ಅದು ಮಲಗ್ತಾ ಇಲ್ವಾ?" ಎಂದು ಕೂಗುತ್ತಾರೆ.

ಅಲ್ಲಿಂದ ಎರಡು ವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಭಾಗವತರ ದನಿ, ಅದರ ಹಿಂದೆ ಅಮ್ಮನ ದನಿ, ಎರಡರ ನಡುವೆ ಕುಕ್ಕರಿನ ಸೀಟಿ. ಎದುರು ಫ್ಲ್ಯಾಟಿನ ಕಾಕ, ಉಳ್ಳಾಲದ ಕಡೆಯ ಬ್ಯಾರಿಗಳು, ಕಾರಿನ ಬಿಡಿಭಾಗಗಳ ವ್ಯಾಪಾರ, ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿದರು. "ಮಗಳೇ, ನಿಮ್ಮ ಪದ್ಯ ಶುರು ಆದ್ರೆ ನಮ್ಮ ಮಕ್ಕಳು ಹಲ್ಲುಜ್ಜಲಿಕ್ಕೆ ಹೋಗ್ತಾರೆ. ಆ ಜೋರಿನ ಪದ್ಯ ಬಂತೂಂದ್ರೆ ಶೂ ಹಾಕ್ಲಿಕ್ಕೆ. ಶುಕ್ರವಾರ ರಜೆ, ಅವತ್ತು ಮಾತ್ರ ಸ್ವಲ್ಪ ಸಣ್ಣ ಮಾಡಿ ಆಯ್ತಾ."

ಕೂಟಕ್ಕೆ ಒಂದು ವಾರ ಇರುವಾಗ ನಮ್ಮ ಹಾಲಿನಲ್ಲಿ ಪೂರ್ವಾಭ್ಯಾಸ. ಸೋಫಾ ಗೋಡೆಗೆ ಸರಿಸಿ ಚಾಪೆ ಹಾಕಿದೆವು. ಮದ್ದಳೆಯವರು ಬಂದರು, ರಾಜನ ಮತ್ತು ದೂತನ ಪಾತ್ರದವರು ಬಂದರು, ಅಪ್ಪ ಇದ್ದೇ ಇದ್ದರು. ಅಮ್ಮ ಪುಸ್ತಕ ಮುಂದಿಟ್ಟುಕೊಂಡು ಮೊದಲ ಪದ್ಯ ಎತ್ತಿದರು. ಮದ್ದಳೆಯವರ ಹುಬ್ಬು ಮೇಲೆ ಹೋಯಿತು. ದನಿ ಅಷ್ಟು ಗಟ್ಟಿಯಾಗಿತ್ತು. ರಾಜ ತನ್ನ ಒಡ್ಡೋಲಗದ ಅರ್ಥ ಹೇಳಿ ಮುಗಿಸಿ, ಮಂತ್ರಿಯನ್ನು ಕರೆಸುವ ಎರಡನೆಯ ಪದ್ಯಕ್ಕೆ ಅಮ್ಮನ ಕಡೆ ನೋಡಿದರು.

ಅಮ್ಮ ಹಾಡಿದ್ದು ಯುದ್ಧದ ಪದ್ಯ. ಕಣ್ಣು ಮುಚ್ಚಿ, ಪೂರ್ತಿ ಆವೇಶದಲ್ಲಿ.

"ಅಕ್ಕ, ಅಕ್ಕ," ಎಂದರು ಮದ್ದಳೆಯವರು ಕೈ ನಿಲ್ಲಿಸಿ. "ಮಂತ್ರಿ ಇನ್ನೂ ಒಳಗೇ ಬರ್ಲಿಲ್ಲ, ನೀವು ಯುದ್ಧಕ್ಕೇ ಹೊರಡಿಸಿದ್ರಲ್ಲ!"

"ಬರುವ ಮೊದಲೇ ಯುದ್ಧ ಆದ್ರೆ ನಂಗೂ ಒಳ್ಳೇದೇ," ಎಂದರು ಅಪ್ಪ. "ಸಂಧಾನದ ಮಾತು ಉಳೀತದೆ."

"ನೀವು ಮಾತು ಉಳಿಸುವವರಾ? ಅದೊಂದು ನೋಡ್ಬೇಕು ನಾವು," ಎಂದರು ರಾಜ.

ಅಮ್ಮ ಪುಸ್ತಕ ನೋಡಿ ಎರಡನೆಯದನ್ನು ಹಿಡಿದರು. ರಾಗ ಸಿಗಲಿಲ್ಲ. ಮೂರನೆಯದೂ ಹಾಗೆಯೇ, ಅರ್ಧಕ್ಕೆ ನಿಂತಿತು. ಒಂಬತ್ತರವರೆಗೆ ತಡವರಿಸಿ, ಹತ್ತಕ್ಕೆ ಬರುತ್ತಲೇ ಮತ್ತೆ ಹೊಳೆ ಹರಿದ ಹಾಗೆ ಹದಿನೆಂಟರವರೆಗೆ ಒಂದೇ ಓಟ. ಮುಗಿದ ಮೇಲೆ ಯಾರೂ ನಗಲಿಲ್ಲ. ಮದ್ದಳೆಯವರು ಚಹಾ ಕುಡಿಯುತ್ತಾ ಮೆಲ್ಲಗೆ, "ಮೊದಲರ್ಧಕ್ಕೆ ರೆಕಾರ್ಡ್ ಹಾಕುವ, ಉಳಿದದ್ದು ಅಕ್ಕ ಹಾಡ್ಲಿ. ಏನಂತೀರಿ?" ಎಂದರು. ಅಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. "ಒಂದಾದ ಮೇಲೆ ಹತ್ತಕ್ಕೆ ಯಾಕೆ ಹೋದಿರಿ ಅಮ್ಮ?"

"ನಿನ್ನ ಪೆಟ್ಟಿಗೆ ಹಾಗೇ ಅಲ್ವಾ ಹಾಡುವುದು? ನೀನು ರಾಗದ ಪ್ರಕಾರ ಜೋಡಿಸಿದ್ದು ಅಂತ ನಾನು ಸುಮ್ಮನಿದ್ದೆ. ದಿನಾ ಕೇಳಿ ಕೇಳಿ ಒಂದರ ಬಾಲಕ್ಕೆ ಹತ್ತು ಅಂಟಿಕೊಂಡು ಬಿಟ್ಟಿದೆ."

ನಾನು ಹೋಗಿ ನೋಡಿದೆ. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಫೈಲುಗಳು ಒಂದು, ಎರಡು, ಮೂರು ಎಂದು ಸಾಲಾಗಿ ನಿಂತಿದ್ದವು. ಅಲ್ಲಿ ಅದಕ್ಕೆ ಎಣಿಸಲು ಬರುತ್ತದೆ. ಪೆಟ್ಟಿಗೆಯ ಸ್ಕ್ರಿಪ್ಟಿಗೆ ಬರುವುದಿಲ್ಲ. ಅದು ಮೊದಲ ಅಂಕಿ ಮಾತ್ರ ನೋಡಿ, ಒಂದರಿಂದ ಶುರುವಾಗುವುದನ್ನೆಲ್ಲ ಮೊದಲು ಹಾಕುತ್ತದೆ: ಒಂದು, ಹತ್ತು, ಹನ್ನೊಂದು, ಹೀಗೆ ಹದಿನೆಂಟರವರೆಗೆ. ಅದೆಲ್ಲ ಮುಗಿದ ಮೇಲೆ ಎರಡು. ಮೇಲಿಂದ, ದಿನಾ ಹೊಸದಾಗಿ ಎದ್ದು ದಿನಾ ಮೊದಲಿನಿಂದ ಶುರು. ಹದಿನೆಂಟು ಮುಗಿಯುವಷ್ಟರಲ್ಲಿ ಬುತ್ತಿ ಕಟ್ಟಿ ಆಗಿರುತ್ತಿತ್ತು. ಎರಡರಿಂದ ಒಂಬತ್ತರವರೆಗಿನವನ್ನು ಅಮ್ಮ ಸರಿಯಾಗಿ ಕೇಳಿಯೇ ಇರಲಿಲ್ಲ. ಎರಡನ್ನು 02 ಎಂದು ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಆಫೀಸಿನಲ್ಲಿ ಹಾಗೆ ನಂಬರಿನ ಮುಂದೆ ಸೊನ್ನೆ ಹಾಕದ ನಕ್ಷೆಗಳನ್ನು ಇಂಜಿನಿಯರುಗಳಿಗೆ ವಾಪಸ್ ಕಳಿಸುವುದು ನನ್ನ ದಿನನಿತ್ಯದ ಕೆಲಸ. ಅವರಿಗೆ ಈ ಸುದ್ದಿ ತಿಳಿಯದಂತೆ ನೋಡಿಕೊಂಡಿದ್ದೇನೆ.

ಅತಿಥಿಗಳು ಹೋದ ಮೇಲೆ ಅಮ್ಮನಿಗೆ ವಿಷಯ ಹೇಳಿ, "ಒಂದು ನಿಮಿಷದಲ್ಲಿ ಸರಿ ಮಾಡ್ತೇನೆ, ನಂಬರಿನ ಮುಂದೆ ಒಂದು ಸೊನ್ನೆ ಹಾಕಿದರೆ ಸಾಕು," ಎಂದೆ.

ಅಮ್ಮ ಲೋಟಗಳನ್ನು ಕವುಚಿಟ್ಟು ತಿರುಗಿದರು. "ಬೇಡ. ಆಗ ಎರಡರ ಬಾಲಕ್ಕೆ ಮೂರು ಅಂಟ್ತದೆ. ಸಭೆಯಲ್ಲಿ ಎರಡಾದ ಮೇಲೆ ನಿನ್ನ ಅಪ್ಪ ಅರ್ಧ ಗಂಟೆ ಮಾತಾಡಿದ್ರೆ ಮೂರು ಎಲ್ಲಿಂದ ಬರ್ಬೇಕು? ಕಲಸಿ ಹಾಕ್ಲಿಕ್ಕೆ ಆಗ್ತದಾ? ದಿನಾ ಬೇರೆ ಬೇರೆ. ಯಾವುದು ಬಂದ್ರೂ ನಾನು ಹಿಡಿಯುವ ಹಾಗೆ."

"ಒಂದು ವಾರವೇ ಇರೋದು ಅಮ್ಮ."

"ಅದಕ್ಕೇ ಹೇಳಿದ್ದು."

ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬದಲಾಯಿತು. ಆಮೇಲಿನ ದಿನಗಳಲ್ಲಿ ಪೆಟ್ಟಿಗೆ ಒಂದು ಬೆಳಿಗ್ಗೆ ಮಂಗಳದಿಂದ ಶುರು ಮಾಡಿತು, ಒಂದು ಬೆಳಿಗ್ಗೆ ಸಂಧಾನದಿಂದ. ಅಮ್ಮ ಒಲೆಯ ಮುಂದೆ ನಿಂತು ಕಾಯುವರು, ಭಾಗವತರು ಮೊದಲ ಅಕ್ಷರ ಎಳೆದ ಕೂಡಲೇ "ಆರು!" ಎಂದು ಹೇಳಿ ಹಿಡಿದುಕೊಳ್ಳುವರು. ಸಂಜೆಗೂ ಒಂದು ಸಲ ಸ್ವಿಚ್ ಹಾಕತೊಡಗಿದರು. ನಾನು ಬಲ ಪುಟದಲ್ಲಿ ಹದಿನೆಂಟು ಮನೆ ಮಾಡಿ, ತಪ್ಪದೆ ಹಾಡಿದ್ದಕ್ಕೆಲ್ಲ ಗೀಟು ಎಳೆದೆ. ಬುಧವಾರದ ಹೊತ್ತಿಗೆ ಖಾಲಿ ಉಳಿದದ್ದು ನಾಲ್ಕನೆಯ ಮನೆ ಒಂದೇ. ಗುರುವಾರ ಸಂಜೆ ಅದೂ ತುಂಬಿತು. ಎದುರು ಮನೆಯ ಮಕ್ಕಳಿಗೆ ಮಾತ್ರ ಯಾವ ಪದ್ಯಕ್ಕೆ ಶೂ ಹಾಕಬೇಕೆಂದು ತಿಳಿಯದೆ ಗೊಂದಲವಾಯಿತಂತೆ.

ಶುಕ್ರವಾರ ಸಂಜೆ ಅಜೈಬಾದ ವಿಲ್ಲಾದ ಅಂಗಳದಲ್ಲಿ ಕುರ್ಚಿಗಳು ತುಂಬಿದ್ದವು. ಮದ್ದಳೆಯವರು ಹಳೆಯ ರೆಕಾರ್ಡನ್ನು ಫೋನಿನಲ್ಲಿ ತೆರೆದಿಟ್ಟು, ಧ್ವನಿವರ್ಧಕದ ವಯರನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅಮ್ಮ ಅದನ್ನು ನೋಡಿದರು, ಸೆರಗು ಸರಿಮಾಡಿಕೊಂಡು ಕೂತರು.

ಶುರುವಾಗುವ ಹೊತ್ತಾದರೂ ರಾಜನ ಪತ್ತೆಯಿಲ್ಲ. ಹೆದ್ದಾರಿಯಲ್ಲಿ ಯಾವುದೋ ಗಾಡಿ ಕೆಟ್ಟು ಸಾಲು ನಿಂತಿದೆ, ಇನ್ನೂ ಅರ್ಧ ಗಂಟೆ ಎಂದು ಫೋನು ಬಂತು. ರಾಜನಿಲ್ಲದೆ ಒಡ್ಡೋಲಗ ಎಲ್ಲಿಂದ? ಜನ ಗಡಿಯಾರ ನೋಡತೊಡಗಿದರು. ಮದ್ದಳೆಯವರು ಬೆವರು ಒರೆಸಿಕೊಂಡು ಅಮ್ಮನ ಕಡೆ ಬಾಗಿದರು.

"ಅಕ್ಕ, ಏಳರಿಂದ ಹಿಡಿಲಿಕ್ಕೆ ಆಗ್ತದಾ? ಮಂತ್ರಿ ಮತ್ತು ದೂತನ ಭಾಗ. ರಾಜ ಬಂದ ಮೇಲೆ ಹಿಂದೆ ಹೋಗುವ. ಆಗದಿದ್ರೆ ಹೇಳಿ, ಕಾಯುವ."

ಅಮ್ಮ ತಾಳ ಎತ್ತಿಕೊಂಡು ಏಳನೆಯ ಪದ್ಯವನ್ನೇ ಎತ್ತಿದರು.

ನಾನು ಹಿಂದಿನ ಸಾಲಿನಲ್ಲಿ ಡೈರಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಏಳು, ಎಂಟು, ಒಂಬತ್ತು. ಮಂತ್ರಿ ದೂತನಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ರಾಜ ಬರುವವರೆಗೆ ಎಳೆಯಬೇಕಿತ್ತು, ಅಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಯಾರೂ ಸಾಕು ಎಂದು ಸನ್ನೆ ಮಾಡಲಿಲ್ಲ. ರಾಜ ಬೆವರಿಕೊಂಡು ಬಂದು ಕೂತದ್ದೇ ಅಮ್ಮ ಹಿಂದಕ್ಕೆ ಹೋಗಿ ಒಂದನ್ನು ಹಾಡಿದರು. ಅದು ಮುಗಿದಾಗ ನಾನು ಡೈರಿಯ ಎರಡನೆಯ ಮನೆಯ ಮೇಲೆ ಪೆನ್ನು ಇಟ್ಟು ಕೂತೆ. ರಾಜನ ಅರ್ಥ ಮುಗಿಯಿತು. ಅಮ್ಮ ಎರಡನೆಯ ಪದ್ಯ ತೆಗೆದರು. ನಿಧಾನವಾಗಿ, ಮಂತ್ರಿಯನ್ನು ಮರ್ಯಾದೆಯಿಂದ ಒಳಗೆ ಕರೆಯುವ ಹಾಗೆ. ಹದಿನಾಲ್ಕರಲ್ಲಿ ಮೇಲಿನ ಸ್ವರ ಸ್ವಲ್ಪ ಒಡೆಯಿತು. ಮದ್ದಳೆಯವರು ಒಂದು ಜೋರು ಪೆಟ್ಟು ಹಾಕಿ ಮುಚ್ಚಿದರು. ಉಳಿದದ್ದೆಲ್ಲ ನಿಂತಿತು.

ಮಂಗಳವಾದ ಮೇಲೆ ಮದ್ದಳೆಯವರು ಎಲ್ಲರಿಗೂ ಕೇಳುವ ಹಾಗೆ, "ರೆಕಾರ್ಡ್ ಹಾಕಿದ್ದಿದ್ರೆ ಇವತ್ತು ನಾವು ಖಲಾಸ್. ಅದಕ್ಕೆ ರಾಜನ ಟ್ರಾಫಿಕ್ ಗೊತ್ತಾಗ್ತದಾ?" ಎಂದರು. ಅಮ್ಮ ನಗುತ್ತಾ ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಗಂಟು ಬೀಳಲಿಲ್ಲ. ನಾನು ಹಾಕಿಕೊಟ್ಟೆ.

ಕಾರು ಹತ್ತುವಾಗ ಸೂರಿನಿಂದ ಫೋನು ಬಂತು. ಭಾಗವತರು ಪಾಳಿಯ ನಡುವಿನ ಬಿಡುವಿನಲ್ಲಿದ್ದರು. ಹಿಂದೆ ಯಂತ್ರಗಳ ಸದ್ದು.

"ಎಂತಾಯ್ತು ಅಕ್ಕ? ಎಷ್ಟು ಪದ್ಯ ಬಿಟ್ರಿ?"

"ಒಂದೂ ಬಿಡ್ಲಿಲ್ಲ."

"ರೆಕಾರ್ಡ್?"

"ವಯರು ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಉಂಟು," ಎಂದರು ಅಮ್ಮ. "ಅದಿರ್ಲಿ, ಮುಂದಿನ ಕೂಟದ ಪದ್ಯ ಯಾವಾಗ ಕಳಿಸ್ತೀರಿ?"

"ಮುಂದಿನದಕ್ಕೆ ನಾನೇ ಬರ್ತೇನಲ್ಲ ಅಕ್ಕ! ಅಷ್ಟರಲ್ಲಿ ಇಲ್ಲಿಯ ಕೆಲಸ ಮುಗೀತದೆ."

"ಬನ್ನಿ, ಬನ್ನಿ. ಅರ್ಧ ನೀವು, ಅರ್ಧ ನಾನು. ಯಾವ ಅರ್ಧ ಅಂತ ಮೊದಲೇ ಹೇಳ್ಬೇಡಿ, ಅಲ್ಲೇ ನೋಡುವ."

ಅತ್ತಲಿಂದ ದೊಡ್ಡ ನಗು ಕೇಳಿತು. ಅಪ್ಪ ಕಾರಿನ ಕೀಲಿಗಾಗಿ ಜೇಬುಗಳನ್ನೆಲ್ಲ ತಡಕುತ್ತಾ, ತಮ್ಮ ಅರ್ಥ ಹೇಗಾಯಿತೆಂದು ಯಾರಾದರೂ ಕೇಳುತ್ತಾರೇನೋ ಎಂದು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು.